ಬುಕಿಂಗ್ ಮೇಲ್: ಡಿಸೈನ್ ಮಾಡಿದ್ದು ಕಾಣಲ್ಲ, ಸಾದಾ ಅಕ್ಷರವೇ ಬರುತ್ತೆ. ಯಾಕೆ?

ತೋಟದಮನೆ ಸೊಸೆ:
ನಮಸ್ಕಾರ. ಕೊಟ್ಟಿಗೆಹಾರದಿಂದ ಸ್ವಲ್ಪ ಒಳಗೆ, ಚಾರ್ಮಾಡಿ ಘಾಟಿ ಕಡೆ, ನಮ್ಮದು ನಾಲ್ಕು ರೂಮಿನ ಹೋಂಸ್ಟೇ. ತೋಟ ಮಾವನವರದ್ದು, ಅಡುಗೆ ಅತ್ತೆಯವರದ್ದು, ವೆಬ್‌ಸೈಟ್ ನನ್ನ ತಲೆಗೆ. ಡಿಗ್ರೀಲಿ ಒಂದು ಸೆಮಿಸ್ಟರ್ ಪಿಎಚ್‌ಪಿ (ವೆಬ್‌ಸೈಟ್ ಮಾಡೋ ಪ್ರೋಗ್ರಾಮಿಂಗ್ ಭಾಷೆ) ಓದಿದ್ದೆ ಅನ್ನೋದೇ ತಪ್ಪಾಯ್ತು.

ಯಾರಾದ್ರೂ ಬುಕ್ ಮಾಡಿದ್ರೆ ಸ್ಕ್ರಿಪ್ಟ್ ಒಂದು ಮೇಲ್ ಕಳಿಸುತ್ತೆ. ಮೇಲ್ ಫಂಕ್ಷನ್ನಿಗೆ ಕೈಯಾರೆ ಬೌಂಡರಿ (ಭಾಗಗಳನ್ನ ಬೇರೆ ಮಾಡೋ ಗುರುತು) ಕಟ್ಟಿ, ಮಲ್ಟಿಪಾರ್ಟ್ ಆಲ್ಟರ್ನೇಟಿವ್ (ಒಂದೇ ವಿಷಯ ಎರಡು ರೂಪದಲ್ಲಿ) ಅಂತ ಹೆಡರ್ ಹಾಕಿದ್ದೀನಿ. ಮೊದಲು ಎಚ್‌ಟಿಎಂಎಲ್ (ಫೋಟೊ, ಹಸಿರು ಬಾರ್ಡರ್, ಮ್ಯಾಪ್ ತೆಗೆಯೋ ಬಟನ್), ಅದರ ಕೆಳಗೆ ಸಾದಾ ಪಠ್ಯ. ಸಾದಾದ್ದನ್ನ ಬೇರೆ ಬರೆದಿಲ್ಲ, ಅದೇ ಎಚ್‌ಟಿಎಂಎಲ್‌ಗೆ ಸ್ಟ್ರಿಪ್ ಟ್ಯಾಗ್ಸ್ (ಡಿಸೈನ್ ಗುರುತು, ಅಂದ್ರೆ ಟ್ಯಾಗ್, ಕೀಳೋ ಫಂಕ್ಷನ್) ಹಾಕಿ ತೆಗೆದಿದ್ದು.

ಎಲ್ಲರಿಗೂ ಸಾದಾದ್ದೇ ಕಾಣುತ್ತೆ. ಮೇಲ್ಗಡೆ ಪ್ಯಾಡಿಂಗ್, ಬ್ಯಾಕ್‌ಗ್ರೌಂಡ್ ಕಲರ್ ಅಂತ ಕಸ ಬೇರೆ. ಹೋದ ಶನಿವಾರ ಬೆಂಗಳೂರಿನ ಒಂದು ಕುಟುಂಬ ಹಾಸನ, ಬೇಲೂರು, ಮೂಡಿಗೆರೆ ದಾಟಿ ಚೆನ್ನಾಗೇ ಬಂದ್ರು. ಕೊಟ್ಟಿಗೆಹಾರದಲ್ಲಿ ಕಳಸದ ರಸ್ತೆಗೆ ತಿರುಗಿಬಿಟ್ಟಿದ್ದಾರೆ. ಮಳೆ, ಸಿಗ್ನಲ್ ಒಂದು ಕಡ್ಡಿ. ಹೇಗೋ ಫೋನ್ ಸಿಕ್ಕಿದಾಗ "ದಾರಿ ಮೇಲಲ್ಲೇ ಇದೆಯಲ್ಲ ಸರ್" ಅಂದೆ. "ದಾರಿಗೆ ಇಲ್ಲಿ ಒತ್ತಿ ಅಂತಿದೆ ಮೇಡಂ, ಒತ್ತೋಕೆ ಏನೂ ಇಲ್ಲ" ಅಂದ್ರು. ಅವರು ಮನೆ ಮುಟ್ಟೋವಾಗ ಒಂಬತ್ತೂವರೆ. ಅತ್ತೆ ಎರಡನೇ ಸಲ ಅಕ್ಕಿರೊಟ್ಟಿ ತಟ್ಟಿದ್ರು. ನನ್ನ ಹತ್ರ ಮಾತಿಲ್ಲ.

ಹಾಸನ ಹುಡ್ಗ:
ಅಕ್ಕ, ನೀವು ಹಾಕಿರೋ ಕ್ರಮವೇ ಉಲ್ಟಾ. ಆಲ್ಟರ್ನೇಟಿವ್‌ನಲ್ಲಿ ಸಾದಾದ್ದು ಮೊದಲು, ಚೆಂದದ್ದು ಕೊನೆಗೆ. ಮೇಲ್ ಆ್ಯಪ್ ತನಗೆ ಅರ್ಥವಾಗೋದ್ರಲ್ಲಿ ಕಟ್ಟಕಡೆಯದನ್ನ ತೋರಿಸುತ್ತೆ. 1996ರ ಆರ್‌ಎಫ್‌ಸಿ 2046 ಅನ್ನೋ ಮೇಲ್ ನಿಯಮದಲ್ಲೇ ಹಾಗಿದೆ. ನಾನೂ ಮೊದಲ ಕೆಲಸದಲ್ಲಿ ಎರಡು ದಿನ ಇದರಲ್ಲೇ ಕಳೆದೆ.

ಆ ಕಸ ಸ್ಟ್ರಿಪ್ ಟ್ಯಾಗ್ಸ್‌ದು. ಅದು ಟ್ಯಾಗ್ ಮಾತ್ರ ಕೀಳುತ್ತೆ, ಸ್ಟೈಲ್ ಟ್ಯಾಗಿನ ಒಳಗಿದ್ದದ್ದು ಹಾಗೇ ಉಳಿಯುತ್ತೆ. ಲಿಂಕಿನ ವಿಳಾಸ ಟ್ಯಾಗಿನ ಒಳಗಿರೋದ್ರಿಂದ ಅದು ಟ್ಯಾಗಿನ ಜೊತೆಗೇ ಹೋಗುತ್ತೆ. ಬೇಕಾದ್ದು ಹೋಯ್ತು, ಬೇಡದ್ದು ಉಳೀತು.

ಇನ್ನೊಂದು, ಪ್ರತಿ ಭಾಗದ ಹೆಡರ್ ಮುಗಿದ ಮೇಲೆ ಒಂದು ಖಾಲಿ ಸಾಲು ಇರಲೇಬೇಕು. ಕೊನೆಯ ಬೌಂಡರಿಗೆ ಹಿಂದೆ ಎರಡು ಅಡ್ಡಗೆರೆ, ಮುಂದೆ ಎರಡು.

ಮಲ್ನಾಡ್ ಕೋಡು:
ಈ ಕಾಲದಲ್ಲಿ ಸಾದಾ ಪಠ್ಯ ಯಾರು ಓದ್ತಾರೆ? ಬರೀ ಎಚ್‌ಟಿಎಂಎಲ್ ಕಳಿಸಿ, ಮುಗೀತು.

ತೋಟದಮನೆ ಸೊಸೆ:
@ಮಲ್ನಾಡ್ ಕೋಡು, ಮಳೆಗಾಲದಲ್ಲಿ ನಮ್ಮೂರಿಗೆ ಒಂದ್ಸಲ ಬನ್ನಿ. ಫೋಟೊ ಲೋಡ್ ಆಗೋವಷ್ಟರಲ್ಲಿ ಕಾಫಿ ಹಣ್ಣಾಗಿರುತ್ತೆ.

@ಹಾಸನ ಹುಡ್ಗ, ಕ್ರಮ ಬದಲಾಯಿಸಿದೆ, ಹಸಿರು ಬಾರ್ಡರ್ ಬಂತು! ಆದ್ರೆ ಈಗ ಎಚ್‌ಟಿಎಂಎಲ್ ಕನ್ನಡದ ಮಧ್ಯೆ ಅಲ್ಲಲ್ಲಿ ಒಂದು ಆಶ್ಚರ್ಯಸೂಚಕ, ಅದರ ಪಕ್ಕ ಕಪ್ಪು ಡೈಮಂಡಿನೊಳಗೆ ಪ್ರಶ್ನೆ ಗುರುತು. 'ರೊಟ್ಟಿ' ಒಡೆದು ಹೋಗಿದೆ. ಇಂಗ್ಲಿಷಲ್ಲಿ ಕಳಿಸಿದ್ರೆ ಡೈಮಂಡ್ ಇಲ್ಲ. ಸಬ್ಜೆಕ್ಟಲ್ಲೂ ಕನ್ನಡ ಹಾಕಿದ್ರೆ ಕೆಲವರಿಗೆ ಗಜಿಬಿಜಿ.

ಹಳೇ ಸರ್ವರ್:
ತಾಯಿ, ನಾನು ಚಿಕ್ಕಮಗಳೂರು ಪೇಟೆಯವನು, ಮೇಲ್ ಸರ್ವರ್ ನೋಡಿಕೊಂಡೇ ತಲೆ ಬೆಳ್ಳಗಾಗಿದೆ. ನಿಮ್ಮ ಎಚ್‌ಟಿಎಂಎಲ್ ಇಡೀ ಒಂದೇ ಸಾಲಿನಲ್ಲಿದೆ, ಬೇಕಾದರೆ ನೋಡಿಕೊಳ್ಳಿ. ಮೇಲ್‌ನಲ್ಲಿ ಒಂದು ಸಾಲು 998 ಬೈಟ್ ಮೀರುವಂತಿಲ್ಲ. ಮೀರಿದರೆ ದಾರಿಯಲ್ಲಿನ ಸರ್ವರ್ ಕತ್ತರಿಸುತ್ತದೆ. ಸೆಂಡ್‌ಮೇಲ್ ಎಂಬ ಸರ್ವರ್ ತಂತ್ರಾಂಶ ಆದರೆ ಕತ್ತರಿಸಿದ ಕಡೆ ಆಶ್ಚರ್ಯಸೂಚಕವನ್ನೂ ಇಡುತ್ತದೆ. ಅಕ್ಷರವನ್ನು ಬೈಟ್ ಆಗಿಸುವ ಯುಟಿಎಫ್-8 ಪದ್ಧತಿಯಲ್ಲಿ 'ಕ' ಅಂದರೆ ಮೂರು ಬೈಟ್. ಕತ್ತರಿ ಆ ಮೂರರ ನಡುವೆ ಬಿದ್ದರೆ ಅಕ್ಷರ ಸತ್ತಂತೆ. ಇಂಗ್ಲಿಷಿಗೆ ಒಂದೇ ಬೈಟ್, ಹಾಗಾಗಿ ಅಕ್ಷರ ಒಡೆಯುವುದಿಲ್ಲ.

ಎರಡೂ ಭಾಗಗಳನ್ನು ಬೇಸ್64 (ಎಲ್ಲವನ್ನೂ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಬರೆಯುವ ವಿಧಾನ) ಮಾಡಿ, 76 ಅಕ್ಷರಕ್ಕೊಂದು ಸಾಲು ಮುರಿಯಿರಿ. ಪಿಎಚ್‌ಪಿಯ ಚಂಕ್ ಸ್ಪ್ಲಿಟ್ ಫಂಕ್ಷನ್ ಇರುವುದೇ ಅದಕ್ಕೆ. ಆಯಾ ಭಾಗದ ಹೆಡರಿನಲ್ಲಿ ಎನ್‌ಕೋಡಿಂಗ್ ಬೇಸ್64 ಎಂದೂ ಬರೆಯಬೇಕು. ಕೋಟೆಡ್ ಪ್ರಿಂಟೆಬಲ್ ಎಂಬ ಇನ್ನೊಂದು ವಿಧಾನ ಕೂಡ ನಡೆಯುತ್ತದೆ, ಆದರೆ ಅದರಲ್ಲಿ ಒಂದು 'ಕ' ಒಂಬತ್ತು ಅಕ್ಷರವಾಗುತ್ತದೆ, ಬೇಸ್64ರಲ್ಲಿ ನಾಲ್ಕು. ಕನ್ನಡಕ್ಕೆ ಬೇಸ್64 ಅಗ್ಗ. ಸಬ್ಜೆಕ್ಟಿಗೆ ಎಂಬಿ ಎನ್‌ಕೋಡ್ ಮೈಮ್‌ಹೆಡರ್ ಫಂಕ್ಷನ್ ಬಳಸಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನನ್ನು ಕೇಳಿದರೆ, ಪಿಎಚ್‌ಪಿಮೈಲರ್ ಎಂಬ ಸಿದ್ಧ ಲೈಬ್ರರಿ ಹಾಕಿಕೊಳ್ಳಿ. ಬಾಡಿಯಲ್ಲಿ ಎಚ್‌ಟಿಎಂಎಲ್, ಆಲ್ಟ್‌ಬಾಡಿಯಲ್ಲಿ ಸಾದಾ ಪಠ್ಯ ಕೊಟ್ಟರೆ ಬೌಂಡರಿ, ಕ್ರಮ ಎಲ್ಲ ಅದೇ ನೋಡಿಕೊಳ್ಳುತ್ತದೆ. ಕ್ಯಾರ್‌ಸೆಟ್ (ಅಕ್ಷರ ಪದ್ಧತಿ) ಮಾತ್ರ ಯುಟಿಎಫ್-8 ಎಂದು ನೀವೇ ಹೇಳಬೇಕು. ಹೇಳದಿದ್ದರೆ ಕನ್ನಡವೇ ಇಲ್ಲದ ಐಎಸ್‌ಒ-8859-1 ಎಂದುಕೊಳ್ಳುತ್ತದೆ, ಮತ್ತೆ ರೊಟ್ಟಿ ಒಡೆಯುತ್ತದೆ.

ತೋಟದಮನೆ ಸೊಸೆ:
ಪಿಎಚ್‌ಪಿಮೈಲರ್‌ಗೇ ಬಂದೆ ಸರ್. ರೊಟ್ಟಿ ಗುಂಡಗೆ ಬಂತು. ಒಂದೇ ಸಾಲಲ್ಲಿದ್ದದ್ದು ನಿಜ, ಸೈಟ್ ಬೇಗ ತೆರೀಲಿ ಅಂತ ನಾನೇ ಒತ್ತಿ ಇಟ್ಟಿದ್ದೆ.

ಸಾದಾ ಪಠ್ಯವನ್ನ ಈ ಸಲ ಸ್ಟ್ರಿಪ್ ಮಾಡಲಿಲ್ಲ, ಬೇರೆಯೇ ಬರೆದೆ. ಬರೆದೆ ಅಂದ್ರೆ, ಮಾವನವರು ಹೇಳಿದ್ರು, ನಾನು ಟೈಪ್ ಮಾಡಿದೆ: "ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನೋದಾದ್ರೆ ತಿನ್ನಿ. ಕಳಸದ ಬೋರ್ಡ್ ಕಂಡ್ರೆ ಆ ಕಡೆ ತಿರುಗಬೇಡಿ, ಚಾರ್ಮಾಡಿ ರಸ್ತೆಯಲ್ಲೇ ಬನ್ನಿ. ಇಲ್ಲಿಂದ ಮುಂದೆ ಫೋನ್ ನಂಬಬೇಡಿ." ಮ್ಯಾಪಿನ ವಿಳಾಸ ಪೂರ್ತಿ ಅದರ ಕೆಳಗಿದೆ. ನಿನ್ನೆ ಬಂದ ಮಂಗಳೂರಿನವರು ಆ ಹಸಿರು ಬಾರ್ಡರ್ ನೋಡೇ ಇಲ್ವಂತೆ, ಅವರ ಆಫೀಸ್ ಮೇಲಲ್ಲಿ ಸಾದಾದ್ದೇ ತೆರೆಯೋದು.

ಒಂದು ಉಳಿದಿದೆ. ಅವರು ಘಾಟಿ ಹತ್ತಿ ಬಂದವರು, ಕೊಟ್ಟಿಗೆಹಾರಕ್ಕಿಂತ ಮೊದಲೇ ನಮ್ಮ ಗೇಟ್ ಸಿಗಬೇಕಿತ್ತು. ಮೇಲ್ ನಂಬಿ ಕೊಟ್ಟಿಗೆಹಾರ ಹುಡುಕ್ಕೊಂಡು ಮುಂದೆ ಹೋಗಿ, ದೋಸೆ ತಿಂದು, ವಾಪಸ್ ಬಂದ್ರು. ಫಾರ್ಮಲ್ಲಿ ಊರು ಕೇಳಿ ಮಂಗಳೂರು ಕಡೆಯವರಿಗೆ ಬೇರೆ ಆಲ್ಟ್‌ಬಾಡಿ ಹಾಕ್ತೀನಿ.