[ಪದಚರ್ಚೆ] ‘ಸ್ಟಾರ್ಟಿಂಗ್ ಕೆವಿಎ’ಗೆ ಕನ್ನಡ ಬೇಕು, ಬೋರ್ಡಿಗೆ, ನಾಳೆಯೊಳಗೆ

ರಾಜರಾಜೇಶ್ವರಿನಗರದಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿನ ಜನರೇಟರ್ ರೂಮಿಗೆ ಬೋರ್ಡ್ ಬರೆಸಬೇಕು. ನಾಳೆ ಬೆಳಿಗ್ಗೆ ಒಕ್ಕಣೆ ಕೊಡಬೇಕು. ಇರುವುದು 40 ಕೆವಿಎ (ವೋಲ್ಟೇಜು, ಕರೆಂಟು ಎರಡೂ ಸೇರಿದ ಅಳತೆ) ಸೆಟ್ಟು. ಸಂಪಿನ ಪಂಪು, ಬೋರ್‌ವೆಲ್ಲು ಎರಡೂ ಅದರ ಮೇಲೇ ಇವೆ. ತಲಾ 10 ಎಚ್‌ಪಿ, ಎರಡಕ್ಕೂ ಡಿಒಎಲ್ ಸ್ಟಾರ್ಟರ್, ಅಂದರೆ ಮೋಟರಿಗೆ ನೇರವಾಗಿ ಪೂರ್ತಿ ವೋಲ್ಟೇಜ್ ಕೊಡುವಂಥದ್ದು. ಓಡುವಾಗ ತೊಂದರೆಯಿಲ್ಲ. ಒಟ್ಟಿಗೆ ಶುರು ಮಾಡಿದರೆ ಲೈಟೆಲ್ಲ ಮಂಕಾಗಿ ಲಿಫ್ಟು ನಿಂತುಬಿಡುತ್ತದೆ. ಮೋಟರ್ ಶುರುವಾಗುವಾಗ ಕೇಳುವ ‘ಸ್ಟಾರ್ಟಿಂಗ್ ಕೆವಿಎ’, ಓಡುವಾಗ ಕೇಳುವ ‘ರನ್ನಿಂಗ್ ಕೆವಿಎ’ ಎರಡಕ್ಕೂ ಕನ್ನಡ ಹೇಳಿ. ಸದ್ಯಕ್ಕೆ ‘ಆರಂಭಿಕ ಸಾಮರ್ಥ್ಯ’, ‘ಚಾಲನಾ ಸಾಮರ್ಥ್ಯ’ ಅಂತ ಬರೆದಿಟ್ಟಿದ್ದೇನೆ. ನಡೆಯುತ್ತದಾ?

ಬಸವನಗುಡಿಯಿಂದ:

ನಡೆಯುವುದಿಲ್ಲ. ಕನ್ನಡದ್ದೇ ‘ಸೆಳವು’ ಇರುವಾಗ ಸಂಸ್ಕೃತ ಯಾಕೆ? ‘ಸೆಳೆ’ಯಿಂದ ಬಂದದ್ದು. ಹೊಳೆಗೆ ಸೆಳವು ಜಾಸ್ತಿ ಇದೆ, ಇಳಿಯಬೇಡ ಅನ್ನುತ್ತೇವೆ ಅಲ್ವಾ? ಇಂಗ್ಲಿಷಿನವರೂ ನೀರಿನ ಹರಿವಿಗೆ ಇದ್ದ ಮಾತನ್ನೇ ‘ಕರೆಂಟ್’ ಅಂತ ತಂತಿಗೂ ತಂದುಕೊಂಡರು. ನಾವೂ ತರಬಹುದು. ‘ಮೊದಲ ಸೆಳವು’, ‘ಓಟದ ಸೆಳವು’. ಜನರೇಟರಿನ 40 ಕೆವಿಎಗೆ ‘ಕಸುವು’.

ಪೀಣ್ಯದಿಂದ:

‘ಕಸುವು’ ತಪ್ಪು. ಅದು ಕಿಲೋವ್ಯಾಟಿಗೆ ಹೊಂದೀತು, ಕೆವಿಎಗೆ ಅಲ್ಲ. ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು ಪವರ್ ಫ್ಯಾಕ್ಟರ್. ಅದು 0.8 ಇದ್ದರೆ 40 ಕೆವಿಎ ಸೆಟ್ಟು ಕೊಡುವುದು 32 ಕಿಲೋವ್ಯಾಟ್. ಮೋಟರ್ ಶುರುವಾಗುವ ಹೊತ್ತಿಗೆ ಪವರ್ ಫ್ಯಾಕ್ಟರ್ ಇನ್ನೂ ತುಂಬಾ ಕೆಳಗಿರುತ್ತದೆ. ಕರೆಂಟು ವಿಪರೀತ ಹೋಗುತ್ತದೆ, ಕಿಲೋವ್ಯಾಟ್ ಅದೇ ಲೆಕ್ಕದಲ್ಲಿ ಏರುವುದಿಲ್ಲ. ಆ ಹೊಡೆತ ಇಂಜಿನ್ನಿಗಿಂತ ಕರೆಂಟು ಹುಟ್ಟಿಸುವ ಆಲ್ಟರ್ನೇಟರಿಗೆ ಜಾಸ್ತಿ. ಎರಡಕ್ಕೂ ‘ಕಸುವು’ ಅಂತ ಬರೆದರೆ ಸೆಟ್ಟು ಕೊಳ್ಳುವವರ ಲೆಕ್ಕ ತಪ್ಪುತ್ತದೆ.

‘ಸಾಮರ್ಥ್ಯ’ವೂ ಇಲ್ಲಿ ಕೂರುವುದಿಲ್ಲ. ಸಾಮರ್ಥ್ಯ ಜನರೇಟರಿನದು. ನೀವು ಹೇಳಬೇಕಾದ್ದು ಮೋಟರ್ ಎಷ್ಟು ಕೇಳುತ್ತದೆ ಅಂತ. 415 ವೋಲ್ಟಿನ 10 ಎಚ್‌ಪಿ ಮೋಟರ್ ಪೂರ್ತಿ ಲೋಡಿನಲ್ಲಿ ಓಡುವಾಗ ಸುಮಾರು 15 ಆಂಪ್ಸ್ ಎಳೆಯುತ್ತದೆ. ಡಿಒಎಲ್‌ನಲ್ಲಿ ಶುರುವಾಗುವಾಗ ಅದರ ಆರೇಳು ಪಟ್ಟು. ಆರೇ ಪಟ್ಟು ಅಂದರೂ 90 ಆಂಪ್ಸ್, ಹೆಚ್ಚುಕಡಿಮೆ 65 ಕೆವಿಎ. ನಿಮ್ಮ ಸೆಟ್ಟಿನ ರೇಟಿಂಗೇ 55 ಆಂಪ್ಸ್ ಚಿಲ್ಲರೆ. ಒಂದು ಮೋಟರಿನದನ್ನು ಅದು ಕೆಲವು ಸೆಕೆಂಡ್ ತಡೆದುಕೊಳ್ಳುತ್ತಿದೆ. ಎರಡೂ ಸೇರಿದರೆ 180. ವೋಲ್ಟೇಜ್ ಕುಸಿದು ಕಾಂಟ್ಯಾಕ್ಟರ್, ಅಂದರೆ ಕರೆಂಟಿನಿಂದಲೇ ಹಿಡಿದು ನಿಲ್ಲುವ ಸ್ವಿಚ್ಚು, ಬಿಟ್ಟುಹೋಗುತ್ತದೆ. ವೋಲ್ಟೇಜ್ ಶೇಕಡ 80ಕ್ಕೆ ಇಳಿದರೆ ಮೋಟರಿನ ಟಾರ್ಕು, ಅಂದರೆ ತಿರುಗಿಸುವ ಬಲ, ಶೇಕಡ 64ಕ್ಕೆ ಇಳಿಯುತ್ತದೆ. ಆಗ ಮೋಟರ್ ವೇಗಕ್ಕೆ ಬರಲು ಇನ್ನೂ ತಡ. ಅಷ್ಟು ಹೊತ್ತೂ ಎಳೆಯುತ್ತಲೇ ಇರುತ್ತದೆ.

ವರ್ಕ್‌ಶಾಪಿನಲ್ಲಿ ‘ಎಷ್ಟು ಆಂಪ್ಸ್ ಎಳೀತಿದೆ’ ಅಂತಲೇ ಕೇಳುವುದು. ಅದನ್ನೇ ಹಿಡಿಯಿರಿ. ‘ಶುರುವಿನ ಎಳೆತ’, ‘ಓಟದ ಎಳೆತ’. ಕೆವಿಎ ಕೆವಿಎಯಾಗಿಯೇ ಇರಲಿ.

ಬಸವನಗುಡಿಯಿಂದ:

‘ಶುರು’ ಅರಬ್ಬಿ. ‘ಮೊದಲು’ ಇದ್ದೂ ಅದು ಯಾಕೆ? ಎಳೆತ, ಸೆಳವು ಎರಡೂ ಒಂದೇ.

ಮಲ್ಲೇಶ್ವರದಿಂದ:

ಒಂದೇ ಅಲ್ಲ ಸಾರ್. ಹೊಳೆಯ ಸೆಳವಿನಲ್ಲಿ ನೀರು ನಮ್ಮನ್ನು ಎಳೆಯುತ್ತದೆ. ಇಲ್ಲಿ ಮೋಟರ್ ಕರೆಂಟನ್ನು ಎಳೆಯುತ್ತದೆ. ‘ಮೋಟರಿನ ಸೆಳವು’ ಅಂದರೆ ಹತ್ತಿರ ಹೋದವರನ್ನು ಮೋಟರ್ ಒಳಗೆ ಎಳೆದುಕೊಳ್ಳುತ್ತದೆ ಅಂತ ಓದಿಸುತ್ತದೆ. ಜನರೇಟರ್ ರೂಮಿನ ಗೋಡೆಗೆ ಅದು ಸಲ್ಲದು.

‘ಶುರು’ವಿನ ಜಗಳ ಇಲ್ಲಿಗೇ ಬಿಡಿ. ಅರಬ್ಬಿ ಅಂತ ‘ಶುರು’ ಬಿಟ್ಟರೆ ‘ಅರ್ಜಿ’ಯನ್ನೂ ಬಿಡಬೇಕು. ಪೋರ್ಚುಗೀಸರಿಂದ ಬಂತು ಅಂತ ‘ಚಾವಿ’ಯನ್ನೂ ಬಿಡಬೇಕು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಶಿವನಸಮುದ್ರದಿಂದ. ಈಗ ‘ಕರೆಂಟು ಹೋಯ್ತು’ ಅನ್ನದ ಮನೆ ಈ ಊರಲ್ಲಿ ಎಲ್ಲಿದೆ? ಕೊನೆಗೆ ಉಕಾರ ಸೇರಿದೆ, ಕರೆಂಟಿನ, ಕರೆಂಟಿಗೆ ಅಂತ ವಿಭಕ್ತಿ ಹತ್ತಿದೆ. ಇನ್ನೂ ಅದನ್ನು ಬಾಡಿಗೆದಾರರಂತೆ ಹೊರಗೆ ನಿಲ್ಲಿಸಿ ಮಾತಾಡಿಸುವುದು ನನಗೆ ಒಪ್ಪಿಗೆಯಿಲ್ಲ.

ಬಸವನಗುಡಿಯಿಂದ:

ಬಂದದ್ದನ್ನು ಯಾರೂ ಓಡಿಸುತ್ತಿಲ್ಲ ಅಮ್ಮ. ಹೊಸದು ಕಟ್ಟುವಾಗಲಾದರೂ ನಮ್ಮ ಬೇರಿನಿಂದ ಕಟ್ಟೋಣ ಅಂತ ಹೇಳಿದ್ದು. ಕಟ್ಟುವ ರೂಢಿಯೇ ತಪ್ಪಿಹೋದರೆ ನುಡಿಗೆ ನಷ್ಟ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ‘ಎಳೆತ’ ಒಪ್ಪಿದೆ, ಅದು ನಮ್ಮದೇ. ‘ಮೊದಲ ಎಳೆತ’ ಅಂತ ಬರೆಯಿರಿ.

ಪೀಣ್ಯದಿಂದ:

ಬೇಡ. ಎರಡು ಮೋಟರ್ ಇರುವ ಕಡೆ ‘ಮೊದಲ ಎಳೆತ’ ಅಂದರೆ ಮೊದಲನೇ ಮೋಟರಿನ ಎಳೆತ ಅಂತಲೂ ಆಗುತ್ತದೆ.

ರಾಜರಾಜೇಶ್ವರಿನಗರದಿಂದ:

‘ಶುರುವಿನ ಎಳೆತ’ ಇಟ್ಟುಕೊಂಡೆ. ಆದರೆ ಬೋರ್ಡ್ ಓದುವವರು ನಮ್ಮ ಸೆಕ್ಯುರಿಟಿಯವರು. ರಾತ್ರಿ ಕರೆಂಟು ಹೋದಾಗ ಸ್ಟಾರ್ಟರ್ ಒತ್ತುವುದೂ ಅವರೇ. ಅವರಿಗೆ ಕೆವಿಎ ಹೇಳಿ ಏನು ಪ್ರಯೋಜನ?

ಪೀಣ್ಯದಿಂದ:

ಹಾಗಾದರೆ ‘ಶುರುವಿನ ಎಳೆತ 65 ಕೆವಿಎ’ ಅನ್ನುವುದು ಪ್ಯಾನಲ್ ಮೇಲೆ ಸಣ್ಣಕ್ಷರದಲ್ಲಿರಲಿ, ಎಲೆಕ್ಟ್ರಿಷಿಯನ್ನಿಗೆ. ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಇಷ್ಟು ಬರೆಸಿ:

‘ಜನರೇಟರ್ ಓಡುವಾಗ ಎರಡು ಮೋಟರ್ ಒಟ್ಟಿಗೆ ಶುರು ಮಾಡಬೇಡಿ. ಒಂದು ಪೂರ್ತಿ ವೇಗಕ್ಕೆ ಬಂದ ಮೇಲೆ ಇನ್ನೊಂದು.’

ಸಂಪಿನ ಪಂಪಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ (ಮೊದಲು ಕಡಿಮೆ ವೋಲ್ಟೇಜಿನಲ್ಲಿ ಶುರು ಮಾಡಿ ಆಮೇಲೆ ಪೂರ್ತಿ ಕೊಡುವಂಥದ್ದು) ಹಾಕಿಸುವುದನ್ನೂ ಕಮಿಟಿಯಲ್ಲಿ ಎತ್ತಿ. ಲೈನಿನ ಎಳೆತ ಮೂರನೇ ಒಂದಕ್ಕೆ, ಅಂದರೆ 30 ಆಂಪ್ಸಿಗೆ ಇಳಿಯುತ್ತದೆ. ಶುರುವಿನ ಟಾರ್ಕೂ ಅಷ್ಟೇ ಇಳಿಯುತ್ತದೆ, ಸಂಪಿನ ಪಂಪಿಗೆ ಸಾಮಾನ್ಯವಾಗಿ ಅದು ಸಾಕು. ಬೋರ್‌ವೆಲ್ಲಿಗೂ ಹಾಕಿಸುವುದಾದರೆ ಸ್ಟಾರ್-ಡೆಲ್ಟಾಕ್ಕೆ ಬೇಕಾದ ಮೋಟರಿನ ಆರೂ ತಂತಿ ಮೇಲಕ್ಕೆ ಬಂದಿವೆಯಾ ಅಂತ ಮೊದಲು ನೋಡಿಸಿ.