ಐದು ಗೋಳಿಬಜೆ: ಏಳೋ, ಹದಿನಾರೋ?

ಭಾನುವಾರ ಬೆಳಿಗ್ಗೆ ನಮ್ಮ ಉಡುಪಿ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು. ಶುಭೋದಯದ ಹೂಗಳನ್ನೂ ಹೆಬ್ಬೆರಳುಗಳನ್ನೂ ತೆಗೆದುಹಾಕಿದ್ದೇನೆ.

ಭಾವ: (ಫಾರ್ವರ್ಡ್) 2, 3, 4, 5, 6 ಈ ಸಂಖ್ಯೆಗಳನ್ನು ಪಾಲು ಮಾಡುವ ವಿಧಗಳು (3ಕ್ಕೆ: 3; 2+1; 1+1+1) ಕ್ರಮವಾಗಿ 2, 3, 5, 7, 11. ಎಲ್ಲವೂ ಅವಿಭಾಜ್ಯ! ಯಾವ ಸಂಖ್ಯೆಗೂ ತಪ್ಪದ ರಾಮಾನುಜನ್ ರಹಸ್ಯ. ಹತ್ತು ಜನರಿಗೆ ಕಳುಹಿಸಿ.

ಮಾವ: ಶುದ್ಧ ಸುಳ್ಳು. 5ಕ್ಕೆ 7 ಅಲ್ಲ, 16. ಐದು ಗೋಳಿಬಜೆ ಸಾಲಾಗಿ ಇಟ್ಟೆ. ನಡುವೆ ನಾಲ್ಕು ಸಂದು. ಪ್ರತಿ ಸಂದಿನಲ್ಲೂ ಕತ್ತರಿಸಬಹುದು, ಬಿಡಬಹುದು. ಎರಡೆರಡ್ಲ ನಾಲ್ಕು, ನಾಲ್ಕೆರಡ್ಲ ಎಂಟು, ಎಂಟೆರಡ್ಲ ಹದಿನಾರು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು ನಾನು.

ಚಿಕ್ಕಮ್ಮ: ಅಣ್ಣ, 4+1 ಮತ್ತು 1+4 ಎರಡನ್ನೂ ಎಣಿಸಿದ್ದೀಯಲ್ಲ?

ಮಾವ: ಮತ್ತೆ? ನನಗೆ ನಾಲ್ಕು ನಿನಗೆ ಒಂದು ಎನ್ನುವುದೂ, ನನಗೆ ಒಂದು ನಿನಗೆ ನಾಲ್ಕು ಎನ್ನುವುದೂ ಒಂದೆಯೇ?

ಅಕ್ಕ: ತಟ್ಟೆಯ ಮೇಲೆ ಹೆಸರು ಬರೆದರೆ ಬೇರೆ, ಬರೆಯದಿದ್ದರೆ ಒಂದೇ. ಇಲ್ಲಿ ಹೆಸರಿಲ್ಲ ಮಾವ. 5; 4+1; 3+2; 3+1+1; 2+2+1; 2+1+1+1; 1+1+1+1+1. ಏಳೇ. ಇವನ್ನು ಹಿಂದುಮುಂದು ಮಾಡಿ ಬರೆಯುವ ಬಗೆಗಳು 1, 2, 2, 3, 3, 4, 1. ಕೂಡಿಸಿ ನೋಡಿ, ನಿಮ್ಮ 16 ಸಿಗುತ್ತದೆ.

(ಮಾವ ಹತ್ತು ನಿಮಿಷ ‘ಟೈಪ್ ಮಾಡುತ್ತಿದ್ದಾರೆ’.)

ಮಾವ: ಕೂಡಿದೆ.

ಭಾವ: ಅಂದರೆ ನನ್ನ ಫಾರ್ವರ್ಡ್ ಸರಿ!

ಅಕ್ಕ: ಅಲ್ಲ. 7ಕ್ಕೆ 15. ಮೂರೈದ್ಲ ಹದಿನೈದು. ಅಲ್ಲಿಗೆ ರಹಸ್ಯ ಮುಗಿಯಿತು.

(ಅಕ್ಕ, ಭಾವ ಇಬ್ಬರೂ ಒಂದೇ ಮೇಜಿನ ಆಚೆ ಈಚೆ ಕುಳಿತು ಇದನ್ನು ಬರೆಯುತ್ತಿದ್ದರು ಎಂಬುದು ನಂತರ ತಿಳಿಯಿತು.)

ಭಾವ: ಹಾಗಾದರೆ ರಾಮಾನುಜನ್ ಹೇಳಿದ್ದು ಸುಳ್ಳೇ?

ಅಕ್ಕ: ಅವರು ಇದನ್ನು ಹೇಳಲೇ ಇಲ್ಲ. ಹೇಳಿದ್ದು ಇದಕ್ಕಿಂತ ಚೆನ್ನಾಗಿದೆ. 4ಕ್ಕೆ 5 ವಿಧ, 9ಕ್ಕೆ 30, 14ಕ್ಕೆ 135. ಹೀಗೆ 4ರಿಂದ ಐದೈದು ದಾಟುತ್ತಾ ಹೋದರೆ ಎಲ್ಲಿ ನಿಂತರೂ ಉತ್ತರ 5ರಿಂದ ಭಾಗವಾಗುತ್ತದೆ. 1919ರಲ್ಲಿ ಪುರಾವೆ ಸಮೇತ ಪ್ರಕಟಿಸಿದರು. ಮ್ಯಾಕ್‌ಮಹೋನ್ ಎಂಬ ಫಿರಂಗಿ ದಳದ ಮೇಜರ್ 200ರವರೆಗೆ ಕೈಯಲ್ಲೇ ಲೆಕ್ಕ ಹಾಕಿ ಕೋಷ್ಟಕ ಮಾಡಿದ್ದರು. ಆ ಕೋಷ್ಟಕ ನೋಡುವಾಗಲೇ ರಾಮಾನುಜನ್ ಅವರಿಗೆ ಇದು ಕಣ್ಣಿಗೆ ಬಿದ್ದದ್ದು. 200ಕ್ಕೆ ಎಷ್ಟು ಗೊತ್ತೇ? 39,72,99,90,29,388.

ಮಾವ: ಕೈಯಲ್ಲೇ? ಆ ಮೇಜರನಿಗೆ ನನ್ನ ನಮಸ್ಕಾರ.

ನಾನು: ಅಂಗಳದಲ್ಲಿ ಒಣಹಾಕಿದ ಅಡಿಕೆಯಲ್ಲಿ ಏಳು ಆರಿಸಿ ಇಟ್ಟಿದ್ದೇನೆ, ಚಿತ್ರ ನೋಡಿ. ಎಡ ಅಂಚು ನೇರ, ಮೇಲಿನ ಸಾಲಿನಲ್ಲಿ 4, ಕೆಳಗೆ 2, ಅದರ ಕೆಳಗೆ 1. ಈಗ ಒಂದೊಂದು ಕಂಬವನ್ನೂ ಮೇಲಿನಿಂದ ಕೆಳಕ್ಕೆ ಎಣಿಸಿ.

ಚಿಕ್ಕಮ್ಮ: 3, 2, 1, 1. ಅದೂ ಏಳೇ!

ಅಕ್ಕ: ಇದಕ್ಕೆ ಫೆರರ್ಸ್ ಚಿತ್ರ ಎನ್ನುತ್ತಾರೆ. ಉದ್ದ ಸಾಲು 4 ಇದ್ದರೆ ಕಂಬಗಳೂ 4. ಆದ್ದರಿಂದ ದೊಡ್ಡ ಪಾಲು 4 ಆಗಿರುವ ವಿಧಗಳು ಎಷ್ಟೋ, ಒಟ್ಟು 4 ಪಾಲುಗಳಿರುವ ವಿಧಗಳೂ ಅಷ್ಟೇ. 7ಕ್ಕೆ ಎರಡೂ ಮೂರು ಮೂರು. ಸೂತ್ರ ಬೇಡ, ಕಣ್ಣಿದ್ದರೆ ಸಾಕು.

ಮಾವ: ನಾನು ಫೋನನ್ನು ಅಡ್ಡ ತಿರುಗಿಸಿದರೆ ಚಿತ್ರವೂ ತಿರುಗುತ್ತದೆ. ಮತ್ತೆ 4, 2, 1 ಬರುತ್ತದೆ.

ನಾನು: ಫೋನ್ ಬೇಡ ಮಾವ, ಕುತ್ತಿಗೆ ತಿರುಗಿಸಿ.

ಭಾವ: ಫಾರ್ವರ್ಡ್ ಅಳಿಸಿದ್ದೇನೆ. ಆದರೆ ಹತ್ತು ಜನರಿಗೆ ಆಗಲೇ ಹೋಗಿದೆ.

ಅಜ್ಜಿ: ಅಂಗಳದಲ್ಲಿ ಆಟವಾಡಿದವರು ಅಡಿಕೆ ವಾಪಸು ಹಾಕಿ. ಆರು ಮಾತ್ರ ಕಾಣುತ್ತಿದೆ.