ಪದಚರ್ಚೆ: ‘ಕಣಿವೆ’ ಗುಡ್ಡದ ಮೇಲಿನದ್ದೋ, ಕೆಳಗಿನದ್ದೋ?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಿಂದ ಬರೆಯುತ್ತಿದ್ದೇನೆ. ನಮ್ಮದೊಂದು ಚಾರಣದ ಬಳಗ ಇದೆ. ಹೊಸದಾಗಿ ಸೇರಿದವರಿಗೆ ನಕ್ಷೆ ಓದುವುದು, ದಿಕ್ಸೂಚಿ ಹಿಡಿಯುವುದು, ಮಂಜು ಕವಿದಾಗ ಏನು ಮಾಡಬೇಕು ಅನ್ನುವುದನ್ನೆಲ್ಲ ಕಲಿಸುತ್ತೇವೆ. ಅದಕ್ಕಾಗಿ ಕನ್ನಡದಲ್ಲೇ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇವೆ. ಕಲಿಯೋಕೆ ಬರುವವರಲ್ಲಿ ಹೋಂಸ್ಟೇ ಹುಡುಗರಿದ್ದಾರೆ, ತೋಟದ ರೈಟರುಗಳಿದ್ದಾರೆ, ಮೇಷ್ಟ್ರುಗಳಿದ್ದಾರೆ. ಗುಡ್ಡದ ಮೇಲೆ ಗಾಬರಿಯಾದಾಗ ಎಲ್ಲರಿಗೂ ನೆನಪಿಗೆ ಬರುವುದು ಮನೆಮಾತು, ಅಲ್ವಾ? ಬರವಣಿಗೆ ಚೆನ್ನಾಗಿ ಸಾಗಿತ್ತು. ಈಗ ಒಂದು ಪದದ ಹತ್ತಿರ ನಿಂತಿದೆ.

ಎರಡು ತುದಿಗಳ ನಡುವೆ ಗುಡ್ಡದ ಬೆನ್ನು ಸ್ವಲ್ಪ ತಗ್ಗಿ ಮತ್ತೆ ಏರುತ್ತದಲ್ಲ, ಆ ಜಾಗಕ್ಕೆ ಏನನ್ನಬೇಕು? ಇಂಗ್ಲಿಷಿನವರು ಸ್ಯಾಡಲ್, ಅಂದರೆ ಕುದುರೆಯ ಜೀನು, ಅನ್ನುತ್ತಾರೆ. ನಮ್ಮ ಕರಡಿನಲ್ಲಿ ‘ಕಣಿವೆ’ ಅಂತ ಇತ್ತು.

ತರಗತಿಯಲ್ಲಿ ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ಹರಡಿಕೊಂಡು, ಕಣಿವೆ ಎಲ್ಲಿದೆ ಬೆರಳಿಟ್ಟು ತೋರಿಸಿ ಅಂದೆವು. ಹುಡುಗರೆಲ್ಲ ಹೆಚ್ಚುಕಡಿಮೆ ಹಳ್ಳದ ಮೇಲೆ ಬೆರಳಿಟ್ಟರು. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಾಂಟೂರ್ ಗೆರೆಗಳು ತುದಿಯ ಕಡೆಗೆ ಚೂಪಾಗಿ ಬಾಗಿ, ನಡುವೆ ನೀಲಿ ಗೆರೆ ಇಳಿಯುವ ಕಡೆ. ಕಡೂರು ಕಡೆಯ ಹಿರಿಯರೊಬ್ಬರು ಮಾತ್ರ ಮೇಲೆ, ಎರಡು ತುದಿಗಳ ಗೆರೆಗಳು ಹತ್ತಿರ ಬಂದು ಡಮರುಗದ ಹಾಗೆ ಕಾಣುವ ಜಾಗದಲ್ಲಿ ಇಟ್ಟರು. ಎರಡು ಬೆರಳಿನ ನಡುವೆ ಒಂದು ಇಂಚೂ ಇರಲಿಲ್ಲ. ಆದರೆ ಆ ನಕ್ಷೆಯಲ್ಲಿ ಒಂದು ಗೆರೆಯಿಂದ ಇನ್ನೊಂದಕ್ಕೆ 20 ಮೀಟರ್ ಎತ್ತರ. ಗೆರೆ ಎಣಿಸಿಕೊಂಡು ಹೋದರೆ ಹುಡುಗರ ಕಣಿವೆ ನೂರಾರು ಮೀಟರ್ ಕೆಳಗಿತ್ತು.

ಯಾರದ್ದೂ ತಪ್ಪಲ್ಲ. ಇತಿಹಾಸ ಪಾಠದಲ್ಲಿ ‘ಖೈಬರ್ ಕಣಿವೆ’, ‘ಬೋಲಾನ್ ಕಣಿವೆ’ ಅಂತ ಓದಿದ್ದೇವೆ. ಅವು ಬೆಟ್ಟ ದಾಟುವ ದಾರಿಗಳು. ಅದೇ ಪಾಠಪುಸ್ತಕದ ‘ಸಿಂಧೂ ಕಣಿವೆ’ ನದಿಯ ಬಯಲು. ಪೇಪರಿನ ‘ಕಾಶ್ಮೀರ ಕಣಿವೆ’ಯೂ ಹಾಗೇ.

ನಮ್ಮ ಜಿಲ್ಲೆಯಲ್ಲೂ ಇದೇ ಕಥೆ. ಚಂದ್ರದ್ರೋಣ ಪರ್ವತ ಅರ್ಧಚಂದ್ರದಂತೆ ಬಾಗಿ ಒಳಗೆ ಹಿಡಿದುಕೊಂಡಿರುವುದು ಜಾಗರ ಕಣಿವೆ. ಅಲ್ಲಿ ಕಣಿವೆ ಅಂದರೆ ತೋಟ, ಗದ್ದೆ, ಹಳ್ಳ ಇರುವ ಕೆಳಗಿನ ನೆಲ. ಇದೇ ಬೆಟ್ಟದಲ್ಲಿ ಹುಟ್ಟುವ ವೇದಾ ಮತ್ತು ಅವತಿ ಸೇರಿ ವೇದಾವತಿ ಆಗುತ್ತವೆ. ಆ ಹೊಳೆ ಹಿರಿಯೂರು ತಾಲ್ಲೂಕಿನಲ್ಲಿ ಗುಡ್ಡದ ಸಾಲನ್ನು ಸೀಳಿಕೊಂಡು ಹೋಗುತ್ತದೆ. ಆ ಇಕ್ಕಟ್ಟಿನ ಸಂದು ಮಾರಿಕಣಿವೆ. ವಾಣಿವಿಲಾಸ ಸಾಗರದ ಅಣೆಕಟ್ಟು ನಿಂತಿರುವುದು ಅಲ್ಲೇ. ಪದ ಒಂದೇ, ಅರ್ಥ ಮಾತ್ರ ಎರಡು!

ಅಕ್ಕಪಕ್ಕದ ಭಾಷೆಗಳು ಕಡೂರು ಕಡೆಯ ಆ ಹಿರಿಯರ ಕಡೆಗೇ ಇವೆ. ತಮಿಳಿನಲ್ಲಿ ‘ಕಣವಾಯ್’ ಅಂದರೆ ಬೆಟ್ಟ ದಾಟುವ ಸಂದು. ಪಾಲಕ್ಕಾಡಿನ ಸಂದಿಗೆ ಅವರು ಹೇಳುವುದು ಅದನ್ನೇ. ತೆಲುಗಿನಲ್ಲಿ ‘ಕನುಮ’. ಪೂರ್ವ ಘಟ್ಟಗಳಿಗೆ ಅವರು ‘ತೂರ್ಪು ಕನುಮಲು’ ಅನ್ನುತ್ತಾರೆ. ಹಾಗಾಗಿ ದಾಟುವ ಸಂದು ಅನ್ನುವುದೇ ಹಳೆಯ ಅರ್ಥ, ತಗ್ಗಿನ ನೆಲ ಅನ್ನುವುದು ಆಮೇಲೆ ಬಂದದ್ದು ಅಂತ ನನ್ನ ಅಂದಾಜು. ಹಳಗನ್ನಡ, ಶಾಸನ ಬಲ್ಲವರು ಇದನ್ನು ಖಚಿತ ಮಾಡಿದರೆ ಉಪಕಾರ.

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತ ಕೇಳಬಹುದು. ಕರಡಿನಲ್ಲಿದ್ದ ಸಾಲು ಇದು: ‘ಮಂಜು ಕವಿದು ದಾರಿ ಕಾಣದಿದ್ದರೆ ಹಿಂದೆ ಬಿಟ್ಟ ಕಣಿವೆಗೆ ವಾಪಸ್ ಬನ್ನಿ.’ ಮಳೆಗಾಲದಲ್ಲಿ ಮುಳ್ಳಯ್ಯನಗಿರಿ ಸಾಲಿನ ಮೇಲೆ ಮಂಜು ಇಳಿದರೆ ಮುಂದೆ ನಡೆಯುವವರ ಬೆನ್ನೂ ಕಾಣುವುದಿಲ್ಲ. ಗುಡ್ಡದ ಬೆನ್ನ ಮೇಲೆಲ್ಲ ಹುಲ್ಲು, ಮಡಿಕೆಗಳಲ್ಲಿ ದಟ್ಟವಾದ ಶೋಲಾ ಕಾಡು. ಹಳ್ಳ ಹಿಡಿದು ಇಳಿದರೆ ಊರು ಸಿಕ್ಕೇ ಸಿಗುತ್ತೆ ಅಂತ ದಾರಿ ತಪ್ಪಿದವರಿಗೆ ಅನ್ನಿಸುತ್ತದೆ. ಬಯಲುಸೀಮೆಯಲ್ಲಿ ಅದು ನಡೆದೀತು. ಘಟ್ಟದಲ್ಲಿ ಹಳ್ಳ ಪಾಚಿ ಕಟ್ಟಿದ ಬಂಡೆ ಮೇಲೆ ಇಳಿಯುತ್ತಾ ಹೋಗಿ ಎಲ್ಲೋ ಒಂದು ಕಡೆ ಅಬ್ಬಿಯಾಗಿ ಧುಮುಕುತ್ತದೆ. ಅಲ್ಲಿಂದ ಮುಂದೆ ಇಳಿಯೋಕೂ ಆಗಲ್ಲ, ಜಾರಿಕೊಂಡು ಬಂದ ಬಂಡೆ ಹತ್ತೋಕೂ ಆಗಲ್ಲ. ಸೀಟಿ ಊದಿದರೆ ನೀರಿನ ಸದ್ದಿನಲ್ಲಿ ಮೇಲಿನವರಿಗೆ ಕೇಳುವುದೂ ಕಷ್ಟ.

ನಾವು ಕಲಿಸುವುದು ಇದಕ್ಕೆ ಪೂರಾ ಉಲ್ಟಾ. ಗುರುತಿರುವ ಜಾಗಕ್ಕೆ ಬೆನ್ನಿನ ಮೇಲೇ ವಾಪಸ್ ಬರಬೇಕು. ಗಾಳಿಗೆ ಮರೆ ನೋಡಿಕೊಂಡು ಎಲ್ಲರೂ ಒಟ್ಟಿಗೆ ಕೂರಬೇಕು. ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದಿ, ಒಂದು ನಿಮಿಷ ಸುಮ್ನಿದ್ದು, ಮತ್ತೆ ಆರು ಸಲ ಊದಬೇಕು. ‘ಕಣಿವೆಗೆ ಬನ್ನಿ’ ಅಂತ ಓದಿದ ಹುಡುಗ ಹಳ್ಳಕ್ಕಿಳಿದರೆ ಇದೆಲ್ಲ ವ್ಯರ್ಥ. ಆದ್ದರಿಂದ ಎಚ್ಚರಿಕೆಯ ಸಾಲುಗಳಲ್ಲಿ ‘ಕಣಿವೆ’ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕೆಳಗಿನದಕ್ಕೆ ‘ಹಳ್ಳ’ ಅಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ. ‘ಕೊಲ್ಲಿ’ ಅನ್ನೋಣ ಅಂತ ಒಬ್ಬರು ಹೇಳಿದರು. ಕೊಡಗಿನವರಿಗೆ ಅದು ಹಳ್ಳ, ಶಾಲೆ ಹುಡುಗರಿಗೆ ಬಂಗಾಳ ಕೊಲ್ಲಿ. ಹಾಗಾಗಿ ಬಿಟ್ಟೆವು.

ಮೇಲಿನ ಜಾಗದ ಹೆಸರೇ ತೊಡಕು. ‘ಘಾಟಿ’ ಅಂದರೆ ಚಾರ್ಮಾಡಿ, ಶಿರಾಡಿಯ ಬಸ್ ರಸ್ತೆ ನೆನಪಾಗುತ್ತದೆ. ‘ಜೀನು’ ಇಂಗ್ಲಿಷ್ ಪದದ ನೆರಳು ಅಷ್ಟೇ, ನಮ್ಮ ಗುಡ್ಡದಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ‘ತಗ್ಗು’ ರಸ್ತೆಯ ಗುಂಡಿಗೂ ಆಗುತ್ತದೆ. ನನಗೆ ಇಷ್ಟವಾಗಿರುವುದು ‘ಕಂಡಿ’. ಬೇಲಿಯಲ್ಲಿ ನುಸುಳುವ ಜಾಗಕ್ಕೆ ಕಂಡಿ ಅನ್ನುತ್ತೇವೆ. ಈ ಕಡೆಯಿಂದ ಆ ಕಡೆಗೆ ದಾಟುವುದು ಅನ್ನುವ ಅರ್ಥ ಅದರಲ್ಲೇ ಇದೆ, ಹಳ್ಳಕ್ಕೆ ಯಾರೂ ಹಾಗನ್ನಲ್ಲ. ಆದರೆ ಗುಡ್ಡದ ಮೇಲಿನ ಈ ಜಾಗಕ್ಕೆ ಜನ ನಿಜವಾಗಿ ಬಳಸುತ್ತಾರಾ?

ಇನ್ನೊಂದು ಯೋಚನೆ. ನಮ್ಮವರು ಬೆಟ್ಟವನ್ನು ಮೈಯ ಹಾಗೆ ನೋಡುತ್ತಾರೆ. ನೆತ್ತಿ, ಬೆನ್ನು, ಬುಡ ಎಲ್ಲ ಇದೆ. ಮೂಡಿಗೆರೆ ತಾಲ್ಲೂಕಿನಲ್ಲಿ ಎತ್ತಿನಭುಜವೇ ಇದೆ. ಆ ಲೆಕ್ಕದಲ್ಲಿ ಎರಡು ತುದಿಗಳ ನಡುವಿನ ತಗ್ಗಿಗೆ ಕತ್ತು, ಕೊರಳು ಅನ್ನುವವರು ಎಲ್ಲಾದರೂ ಇದ್ದಾರಾ?

ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ. ದನ ಮೇಯಿಸಿದವರನ್ನು, ಫಾರೆಸ್ಟ್ ವಾಚರುಗಳನ್ನು ಕೇಳಿದರೆ ಇನ್ನೂ ಒಳ್ಳೆಯದು. ‘ಸ್ಯಾಡಲ್‌ಗೆ ಕನ್ನಡದಲ್ಲಿ ಏನು’ ಅಂತ ಕೇಳಬೇಡಿ. ನಿಮ್ಮೂರಿನ ಗುಡ್ಡದಲ್ಲಿ ಅಂಥ ಒಂದು ಜಾಗ ತೋರಿಸಿ, ಅದಕ್ಕೆ ಏನಂತೀರಿ ಅಂತ ಕೇಳಿ. ಉತ್ತರದ ಜೊತೆ ಊರು, ತಾಲ್ಲೂಕು ತಿಳಿಸಿ. ಆ ಪದ ಇನ್ಯಾವುದಕ್ಕೆ ಬಳಕೆಯಲ್ಲಿದೆ ಅನ್ನುವುದನ್ನೂ ಬರೆಯಿರಿ. ಮಳೆ ಹಿಡಿಯುವ ಮೊದಲು ಕೈಪಿಡಿಯನ್ನು ಅಚ್ಚಿಗೆ ಕೊಡಬೇಕು.